ಬರ್ತೀನಿ ಅಂದವರ ಕಾಲು

ನಮ್ಮೂರಿಗೆ ಬಂದ ನೆಂಟರು ಹೊರಡಲು ಎದ್ದರೆ ನಾವು ಮೊದಲು ಅವರ ಬಾಯಿಗೆ ಎಲೆಅಡಿಕೆ ತುರುಕುತ್ತೇವೆ. ಅವರಿಗೆ ಅದು ಉಪಚಾರದ ಹಾಗೆ ಕಾಣುತ್ತದೆ, ಕಾಣಲಿ. ನಿಜ ಏನೆಂದರೆ ಬಾಯಿ ಖಾಲಿ ಇದ್ದರೆ 'ಬರ್ತೀನಿ' ಅಂದುಬಿಡುತ್ತಾರೆ. ನಮ್ಮೂರಲ್ಲಿ ಯಾವ ಹೊಸ್ತಿಲಲ್ಲಿ ನಿಂತು ಹಾಗೆ ಅಂದರೋ ಆ ಹೊಸ್ತಿಲಿಗೆ ಅವರು ಬರಲೇಬೇಕು. ಮನಸ್ಸು ಬೇಡ ಅಂದರೂ ಕಾಲು ಕೇಳುವುದಿಲ್ಲ. ಊರಿನವರಾದರೆ ಮರುದಿನ ಎದ್ದು ಮುಖ ತೊಳೆದ ಕೂಡಲೇ ಕಾಲು ಅಲ್ಲಿಗೆ ನಡೆಯುತ್ತದೆ. ದೂರದವರಿಗೆ ಒಂದು ವಾರದ ರಿಯಾಯಿತಿ ಉಂಟು. ಬಂದು, ಮತ್ತೆ ಹೊರಡುವಾಗ ಬಾಯಿ ಮುಚ್ಚಿಕೊಂಡು ಹೋದರೆ ಋಣ ಹರಿಯಿತು. ಮತ್ತೆ ಅಂದರೆ ಮತ್ತೆ ಬರಬೇಕು.

ಒಬ್ಬ ಪುಢಾರಿ ಮತ ಕೇಳಲು ಬಂದವನು ಪೋಸ್ಟಾಫೀಸಿನ ಬಾಗಿಲಲ್ಲಿ ನಿಂತು 'ಗೆದ್ದರೂ ಬರ್ತೀನಿ, ಸೋತರೂ ಬರ್ತೀನಿ' ಅಂದ. ಸೋತ. ಈಗಲೂ ವಾರಕ್ಕೊಮ್ಮೆ ಬಂದು ಸ್ಟಾಂಪು ಮಾರುವ ಕಿಟಕಿಯ ಮುಂದೆ ಕೈ ಮುಗಿದು ನಿಲ್ಲುತ್ತಾನೆ. ಮಧ್ಯೆ ಎರಡು ಪಾರ್ಟಿ ಬದಲಾಯಿಸಿದ, ಆ ಬಾಯಿಚಟ ಮಾತ್ರ ಬದಲಾಗಲಿಲ್ಲ. ನಮ್ಮ ಸೋದರಮಾವ ಆಸ್ಪತ್ರೆಗೆ ಹೊರಟಾಗ ಅತ್ತೆಯ ಕೈ ಹಿಡಿದು 'ಬರ್ತೀನಿ ಕಣೆ' ಅಂದಿದ್ದರು. ಬಂದರು. ಹೇಗೆ ಬಂದರು ಅನ್ನುವುದು ಬೇರೆ ಮಾತು.

ಹಾಗಂತ ನಾವು 'ಹೋಗ್ತೀನಿ' ಅನ್ನುವವರೂ ಅಲ್ಲ. ಅದು ಯಾವ ಊರಲ್ಲೂ ಬಾಯಲ್ಲಿ ಬರಬಾರದ ಮಾತು. ನಾವು ಎದ್ದು, 'ಸರಿ, ಹಂಗಾದ್ರೆ' ಅಂತ ಗೊಣಗಿ, ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತೇವೆ. ಮಕ್ಕಳಿಗೆ ಮಾತು ಬರುವಾಗಲೇ ಈ ಅಭ್ಯಾಸ ಮಾಡಿಸುತ್ತೇವೆ. ಹೊರಗಿನವರು ನಮ್ಮನ್ನು ಮರ್ಯಾದೆ ಗೊತ್ತಿಲ್ಲದವರು ಅನ್ನುತ್ತಾರೆ. ಅನ್ನಲಿ ಬಿಡಿ, ಅವರೇನು ನಮ್ಮ ಮನೆಗೆ ದಿನಾ ಬರುವವರಲ್ಲವಲ್ಲ.

ಇಂಥ ಊರಿಗೆ ಡಾಕ್ಟರ್ ವಿದ್ಯುಲ್ಲತಾ ಬಂದರು. ಆ ಹೆಸರು ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲವಾದ್ದರಿಂದ ಎರಡನೇ ದಿನಕ್ಕೇ ಲತಾ ಡಾಕ್ಟ್ರು ಆದರು. ನಾನು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರು, ಅಂಬುಜಾಕ್ಷಿ. ನನ್ನ ಮನೆಯ ಹಿಂದಿನ ಕೋಣೆಯನ್ನು ಅವರಿಗೆ ಬಾಡಿಗೆಗೆ ಕೊಟ್ಟಿದ್ದೆ. ಡಾಕ್ಟ್ರು ಬಂದಿದ್ದಾರೆ ಎಂದು ಮೊದಲ ವಾರ ಕೆಮ್ಮಿನವರು, ಮಂಡಿನೋವಿನವರೆಲ್ಲ ನನ್ನ ಜಗುಲಿಯಲ್ಲಿ ಬಂದು ಕೂತರು. 'ನಾನು ಆ ಡಾಕ್ಟರಲ್ಲ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದೀನಿ' ಅಂತ ಆಕೆ ಪ್ರತಿಯೊಬ್ಬರಿಗೂ ವಿವರಿಸಿದರು. 'ಸೂಜಿ ಹಾಕಲ್ವಾ? ಹಂಗಾದ್ರೆ ಎಂಥಾ ಡಾಕ್ಟ್ರು' ಅಂತ ಅವರು ಎದ್ದು ಹೋದರು.

ಅಷ್ಟೆಲ್ಲ ಓದಿ ಇಲ್ಲಿಗೆ ಯಾಕೆ ಬಂದಿರಿ ಎಂದು ನಾನೇ ಒಂದು ಸಂಜೆ ಕೇಳಿದೆ.

"ಟ್ರೈನಿಂಗು ಆಂಟಿ. ಡಾಕ್ಟರೇಟ್ ಆದ್ಮೇಲೆ ಒಂದು ವರ್ಷ ತರಬೇತಿ. ಆಟಿಸಂ ಇರೋ ಮಕ್ಕಳು, ಬೆಳವಣಿಗೆ ನಿಧಾನ ಇರೋ ಮಕ್ಕಳು, ಅವರ ಜೊತೆ ಕೆಲಸ ಮಾಡೋದನ್ನ ಕಲೀಬೇಕು. ಆಮೇಲೆ ಸರ್ಟಿಫಿಕೇಟ್ ಕೊಡ್ತಾರೆ."

"ಡಾಕ್ಟ್ರಾದ್ಮೇಲೆ ಕಲಿಯೋದಾ? ಮದುವೆ ಆದ್ಮೇಲೆ ಹೆಣ್ಣು ನೋಡೋಕ್ಕೆ ಹೋದಂಗಾಯ್ತು."

ಆಕೆ ನಕ್ಕರು. ಒಳ್ಳೆಯ ಹುಡುಗಿ. ಆದರೆ ನನ್ನನ್ನು ಆಂಟಿ ಅನ್ನುತ್ತಿದ್ದುದನ್ನು ಮಾತ್ರ ನಾನು ಕ್ಷಮಿಸಿಲ್ಲ.

ಆಕೆ ತರಬೇತಿಗೆ ಬಂದಿದ್ದ ಜಾಗದ ಹೆಸರು ಬಾಲವಿಕಾಸ ಕೇಂದ್ರ. ಬಸ್ ಸ್ಟ್ಯಾಂಡಿನ ಹಿಂದೆ, ಹಳೇ ರೇಷ್ಮೆ ಗೋದಾಮಿನಲ್ಲಿ ಇದೆ. ಅದರ ನಿರ್ದೇಶಕರು ಡಾಕ್ಟರ್ ಚಕ್ರಪಾಣಿ. ವರ್ಷಗಳ ಹಿಂದೆ ಉದ್ಘಾಟನೆಗೆ ಅಂತ ಅರ್ಧ ದಿನಕ್ಕೆ ಬಂದವರು, ಕಾರು ಹತ್ತುವ ಮೊದಲು ಬಾಗಿಲಲ್ಲಿ ನಿಂತು 'ಬರ್ತೀನಿ' ಅಂದರು. ಅವತ್ತು ಎಲೆಅಡಿಕೆ ತಟ್ಟೆ ಹಿಡಿದವನು ಸ್ವಲ್ಪ ತಡ ಮಾಡಿದ. ಅಲ್ಲಿಂದ ಪ್ರತಿ ಗುರುವಾರ ಮಹಾನಗರದಿಂದ ಬರುತ್ತಾರೆ, ಹೋಗುವಾಗ ಬರ್ತೀನಿ ಅನ್ನುತ್ತಾರೆ, ಮತ್ತೆ ಬರುತ್ತಾರೆ. ಇದನ್ನು ಅವರು ಸೇವಾ ಮನೋಭಾವ ಅಂದುಕೊಂಡಿದ್ದಾರೆ. ಈ ಸೇವೆಗಾಗಿ ಎರಡು ಪ್ರಶಸ್ತಿಯೂ ಬಂದಿದೆ. ನಿಜ ಹೇಳಿ ದೊಡ್ಡವರ ಮನಸ್ಸು ಯಾಕೆ ನೋಯಿಸಬೇಕು ಎಂದು ನಾವು ಸುಮ್ಮನಿದ್ದೆವು.

ಈಗ ವೇಣಿಯ ವಿಷಯ. ಹಿಟ್ಟಿನ ಗಿರಣಿ ನಡೆಸುವ ಸಾಕಮ್ಮನ ಮಗಳು, ಆರು ವರ್ಷ. ಮುಖ ನೋಡಿ ಮಾತಾಡುವುದಿಲ್ಲ. ನಾವು ಹೇಳಿದ್ದರಲ್ಲಿ ಕೊನೆಯ ಮಾತನ್ನು ಎತ್ತಿಕೊಂಡು ಬಹಳ ಹೊತ್ತು ಅದನ್ನೇ ಹೇಳುತ್ತಾಳೆ. ಹುಣಿಸೆಬೀಜಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಾಳೆ, ಆ ಸಾಲು ಮುಟ್ಟಿದರೆ ಬೀದಿಯೆಲ್ಲ ಕೇಳುವ ಹಾಗೆ ಕಿರುಚುತ್ತಾಳೆ. ಗಿರಣಿ ಓಡುತ್ತಿದ್ದರೆ ಅದರ ಪಕ್ಕದಲ್ಲೇ ಗೋಣಿಚೀಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ, ನಿಂತರೆ ಎಚ್ಚರವಾಗುತ್ತಾಳೆ. ನಮಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಕೇಂದ್ರದವರು ಬಂದಮೇಲೆ ಅದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ತಿಳಿಯಿತು. ಹೆಸರು ತಿಳಿದದ್ದು ಒಳ್ಳೆಯದೇ ಆಯಿತು, 'ತಾಯಿ ಬೆಳೆಸಿದ್ದು ಸರಿ ಇಲ್ಲ' ಅನ್ನುತ್ತಿದ್ದ ಬಾಯಿಗಳಾದರೂ ಮುಚ್ಚಿದವು.

ಅವಳನ್ನು ನನ್ನ ಒಂದನೇ ಕ್ಲಾಸಿಗೆ ಸೇರಿಸಬೇಕೆಂದು ಸಾಕಮ್ಮನ ಆಸೆ. ನನಗೂ ಆಸೆಯೇ. ಆದರೆ ಕೇಂದ್ರದ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಊರಿನ ಶಾಲೆ, ಇಲ್ಲದಿದ್ದರೆ ಜಿಲ್ಲಾ ಕೇಂದ್ರದ ವಸತಿ ಶಾಲೆ ಅಂತ ನಿಯಮ. ವೇಣಿ ಎಲ್ಲದರಲ್ಲೂ ಹೇಗೋ ದಾಟಿ, ಒಂದೇ ಒಂದು ಅಂಕಕ್ಕೆ ಕೆಳಗೆ ಬಿದ್ದಿದ್ದಳು. ಆ ಅಂಕ ಯಾವುದಕ್ಕೆ ಅಂತೀರಿ? ಹೊರಡುವಾಗ 'ಬರ್ತೀನಿ' ಅಂತ ಹೇಳುವುದಕ್ಕೆ.

ಸಾಕಮ್ಮ ತಲೆಗೂದಲಿಗೆ ರಾಗಿಹಿಟ್ಟು ಮೆತ್ತಿಕೊಂಡೇ ನನ್ನ ಮನೆಗೆ ಓಡಿಬಂದಳು. "ಟೀಚರಮ್ಮ, ಅಲ್ಲಿ ಗಿರಣಿ ಸದ್ದಿಲ್ದೆ ನನ್ ಮಗು ಹೆಂಗ್ ಮಲಗ್ತದೆ? ನೀವಾದ್ರೂ ಹೇಳಿ ಆ ಡಾಕ್ಟ್ರಮ್ಮಂಗೆ."

ನಾನು ಹೇಳುವ ಅಗತ್ಯ ಬರಲಿಲ್ಲ. ಲತಾ ಡಾಕ್ಟ್ರು ಒಳಗಿಂದ ಬಂದು ಸಾಕಮ್ಮನ ಕೈ ಹಿಡಿದುಕೊಂಡರು. "ಒಂದೇ ಮಾತಲ್ವಾ, ನಾನು ಕಲಿಸ್ತೀನಿ. ಅವಳನ್ನ ಎಲ್ಲಿಗೂ ಕಳಿಸೋಕೆ ಬಿಡಲ್ಲ."

"ಬೇರೆ ಮಾತು ಕಲಿಸಿ ಡಾಕ್ಟ್ರೆ, ಇದು ಮಾತ್ರ ಬೇಡ," ಅಂದೆ ನಾನು. ನಮ್ಮೂರಿನ ಸಂಗತಿ ಹೇಳಿದೆ. ಆಕೆ ತಲೆದೂಗುತ್ತ ಕೇಳಿದರು, 'ಎಷ್ಟು ಚೆಂದದ ಸ್ಥಳೀಯ ನಂಬಿಕೆ' ಅಂದರು. ಓದಿದವರಿಗೆ ಒಂದು ಸಂಗತಿಯನ್ನು ನಂಬುವ ಕಷ್ಟ ತಪ್ಪಿಸಿಕೊಳ್ಳಲು ಇದೊಂದು ಅನುಕೂಲದ ಮಾತು. ನಾನೂ ಜೋರು ಮಾಡಲಿಲ್ಲ, ಯಾಕೆಂದರೆ ಬೇರೆ ದಾರಿ ನನಗೂ ತೋಚಲಿಲ್ಲ.

ಕಲಿಸುವುದರಲ್ಲಿ ಆಕೆ ಗಟ್ಟಿಗಿತ್ತಿ ಅನ್ನುವುದನ್ನು ಒಪ್ಪಬೇಕು. ಕೇಂದ್ರದ ಹೊಸ್ತಿಲ ಮೇಲೆ ನಿಲ್ಲುವುದು, ಎರಡು ಕೈ ಜೋಡಿಸುವುದು, 'ಬರ್ತೀನಿ' ಅನ್ನುವುದು. ಮೊದಲು ಆಕೆ ಕೈ ಜೋಡಿಸಿ ತೋರಿಸುತ್ತಿದ್ದರು, ವೇಣಿ ಜೋಡಿಸಿದರೆ ಕಡಲೆಮಿಠಾಯಿಯ ಒಂದು ಚೂರು ಕೊಡುತ್ತಿದ್ದರು. ಎದುರಿನವರು ಕೈ ಜೋಡಿಸಿದ್ದೇ ತಡ, ವೇಣಿ ಗೋಡೆ ನೋಡುತ್ತಲೇ 'ಬರ್ತೀನಿ' ಅನ್ನುವ ಮಟ್ಟಕ್ಕೆ ಬಂತು. ಆಮೇಲೆ ಯಾರೂ ಕೈ ಜೋಡಿಸುವುದೂ ಬೇಕಿರಲಿಲ್ಲ, ಆ ಹೊಸ್ತಿಲು ಕಂಡರೆ ಸಾಕು. ಗುರುವಾರ ಚಕ್ರಪಾಣಿಯವರ ಮುಂದೆ ಪರೀಕ್ಷೆ ಆಯಿತು. ಹೊರಡುವಾಗ ವೇಣಿ ನಿಂತು, ಕೈ ಮುಗಿದು, ಗಂಟೆ ಹೊಡೆದ ಹಾಗೆ ಅಂದಳು. ಒಂದು ಅಂಕ ಬಂತು, ಪಾಸು. ಸಾಕಮ್ಮ ಅವತ್ತು ಬೀದಿಗೆಲ್ಲ ಹಿಟ್ಟನ್ನು ಪುಕ್ಕಟೆ ಬೀಸಿಕೊಟ್ಟಳು.

ಮರುದಿನ ಅವಳು ಮಗಳಿಗೆ ಹೊಸ ಯೂನಿಫಾರಂ ಹಾಕಿ, ಎಣ್ಣೆ ಸುರಿದು ಎರಡು ಜಡೆ ಹೆಣೆದು, ಶಾಲೆಗೆ ಕರೆತರುತ್ತಿದ್ದಳು. ನಾನು ಗೇಟಿನಲ್ಲೇ ನಿಂತಿದ್ದೆ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ವೇಣಿಯ ಕಾಲು ಎಡಕ್ಕೆ, ಕೇಂದ್ರದ ಕಡೆಗೆ ಹೊರಳಿತು. ಸಾಕಮ್ಮ ಬಲಕ್ಕೆ ಎಳೆದಳು. ಮಗು ನೋವಿಗೆ ಅತ್ತಿತು, ಆದರೂ ಕಾಲು ಎಡಕ್ಕೇ ಹೋಯಿತು. ಸಾಕಮ್ಮ ನನ್ನತ್ತ ತಿರುಗಿ ನೋಡಿದಳು. ನಮ್ಮಿಬ್ಬರಿಗೂ ಅರ್ಥವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ವರವೇ ಪೂಜಾರಿಯಾಗಿ ಅಡ್ಡ ನಿಂತಿತ್ತು.

ಕೇಂದ್ರಕ್ಕೆ ಹೋಗಿ, ತಕ್ಷಣ ತಿರುಗಿ ಶಾಲೆಗೆ ಬರಬಹುದಿತ್ತಲ್ಲ ಅನ್ನುತ್ತೀರಿ. ಕೇಂದ್ರದಲ್ಲಿ ಇನ್ನೊಂದು ನಿಯಮ. ಒಮ್ಮೆ ಹಾಜರಿ ಹಾಕಿದ ಮಗು ಸಂಜೆ ನಾಲ್ಕರವರೆಗೆ ಕೇಂದ್ರದ ಸ್ವತ್ತು. ನಾಲ್ಕಕ್ಕೆ ಬಿಟ್ಟಾಗ ವೇಣಿ ಹೊಸ್ತಿಲಲ್ಲಿ ನಿಂತು, ಕಲಿತದ್ದನ್ನು ಚಾಚೂ ತಪ್ಪದೆ ಮಾಡಿ, ಬರ್ತೀನಿ ಅಂದು ಮನೆಗೆ ಹೋದಳು. ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಊರ ಶಾಲೆಗೆ ಹೋಗಲು ಯೋಗ್ಯಳೆಂದು ಸರ್ಟಿಫಿಕೇಟ್ ಪಡೆದ ಮಗು ಆ ಯೋಗ್ಯತೆಯ ದೆಸೆಯಿಂದಲೇ ಶಾಲೆಯ ಮುಖ ನೋಡದಾಯಿತು.

ಲತಾ ಡಾಕ್ಟ್ರು ಮೊದಲೆರಡು ದಿನ ಇದಕ್ಕೆ ಏನೇನೋ ಕಾರಣ ಕೊಟ್ಟರು. ಸೋಮವಾರ ತಾವೇ ವೇಣಿಯನ್ನು ಎತ್ತಿಕೊಂಡು ಶಾಲೆಯತ್ತ ನಡೆದರು. ತಿರುವಿನಲ್ಲಿ ಮಗುವಿನ ಕಾಲು ಗಾಳಿಯಲ್ಲೇ ಎಡಕ್ಕೆ ನಡೆಯುತ್ತಿದ್ದುದನ್ನು ಕಂಡು, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ಅವತ್ತಿನಿಂದ ಸ್ಥಳೀಯ ನಂಬಿಕೆ ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಕಲಿಸಿದ್ದನ್ನು ಮರೆಸಲು ನೋಡಿದರು. ಬರ್ತೀನಿ ಅಂದರೆ ಮಿಠಾಯಿ ಕೊಡಲಿಲ್ಲ. ವೇಣಿಗೆ ಮಿಠಾಯಿ ಬೇಕಿರಲಿಲ್ಲ, ಹೊಸ್ತಿಲಲ್ಲಿ ಆ ಮಾತು ಅಂದು ಮುಗಿಸಬೇಕಿತ್ತು, ಅಷ್ಟೆ. ಸಾಕಮ್ಮ ಒಂದು ದಿನ ಅವಳ ಬಾಯಿ ಮುಚ್ಚಿ ಹೊರಗೆತ್ತಿಕೊಂಡು ಬಂದಳು. ಮಗು ಬೀದಿಯಲ್ಲಿ ಬಿದ್ದು ತಲೆ ಚಚ್ಚಿಕೊಂಡಿತು. ಮತ್ತೆ ಹೊಸ್ತಿಲಿಗೆ ಕರೆದೊಯ್ದು, ಅನ್ನಿಸಿ, ಕಣ್ಣೀರು ಒರೆಸಿ ಕರೆತರಬೇಕಾಯಿತು.

ಕೊನೆಗೆ ಲತಾ ಡಾಕ್ಟ್ರು ಹಿಂಜರಿಯುತ್ತ, "ಆ ಮಾತಿನ ಬದಲು ಇನ್ನೊಂದು ಮಾತು ಕೊಟ್ರೆ ಬಿಡ್ತಾಳೇನೋ ಸಾಕಮ್ಮ. 'ಹೋಗ್ತೀನಿ' ಅಂತ ಕಲಿಸಿದ್ರೆ?" ಅಂದರು.

ಸಾಕಮ್ಮ ಎದ್ದು ನಿಂತಳು. "ಏನಂದ್ರಿ? ಹೆತ್ತ ತಾಯಿ ಮುಂದೆ ಕೂಸಿನ ಬಾಯಲ್ಲಿ ಹೋಗ್ತೀನಿ ಅನ್ನಿಸ್ತೀರಾ? ಸ್ಕೂಲೇ ಬ್ಯಾಡ, ಅವಳು ಸಾಯೋ ತನ್ಕ ನಿಮ್ಮ ಗೋದಾಮಿಗೇ ಬರ್ಲಿ. ಆ ಮಾತು ಮಾತ್ರ ಬ್ಯಾಡ." ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಲತಾ ಡಾಕ್ಟ್ರೂ ಅತ್ತರು. ನಾನು ಕಾಫಿ ಮಾಡಲು ಒಳಗೆ ಹೋದೆ, ಅಳುವವರ ಮಧ್ಯೆ ಕೂತರೆ ನನ್ನ ಟೀಚರ್‌ಗಿರಿಗೆ ಕುಂದು.

ಗುರುವಾರ ಬಂದ ಚಕ್ರಪಾಣಿಯವರಿಗೆ ಮಾತ್ರ ಹಬ್ಬವೇ ಹಬ್ಬ. "ನೂರಕ್ಕೆ ನೂರು ಹಾಜರಿ! ಯಾವ ಕೇಂದ್ರದಲ್ಲಿದೆಯಮ್ಮ ಇದು? ಮಗುವಿಗೆ ಕೇಂದ್ರದ ಮೇಲೆ ಎಂಥ ಪ್ರೀತಿ ನೋಡು. ಎಲ್ಲಾ ಮಕ್ಕಳಿಗೂ ಇದೇ ಕಲಿಸು."

"ಸಾರ್, ಅವಳು ಶಾಲೆಗೆ ಹೋಗ್ಬೇಕು. ಅದಕ್ಕೇ ಅಲ್ವಾ ನಾವಿರೋದು?"

"ಶಾಲೆಗೆ ಯೋಗ್ಯಳು ಅಂತ ಬರೆದುಕೊಟ್ಟಿದ್ದೀವಲ್ಲ. ಹೋಗೋದು ಬಿಡೋದು ನಮ್ಮ ವಿಭಾಗಕ್ಕೆ ಬರಲ್ಲ." ಅವರು ಕನ್ನಡಕ ಒರೆಸಿಕೊಂಡರು. "ನೋಡಮ್ಮ, ವರ್ಷದ ಕೊನೆಗೆ ನಿನ್ನ ತರಬೇತಿಯ ಮೌಲ್ಯಮಾಪನ. ಈ ಮಗು ಕಲಿತದ್ದನ್ನ ಉಳಿಸ್ಕೊಂಡಿರಬೇಕು. ಮರೆತರೆ ನಿನಗೆ ಸರ್ಟಿಫಿಕೇಟ್ ಇಲ್ಲ, ನಾನೇನೂ ಮಾಡೋಕಾಗಲ್ಲ." ಇಷ್ಟು ಹೇಳಿ, ಹೊಸ್ತಿಲಲ್ಲಿ ನಿಂತು, ಬರ್ತೀನಿ ಅಂದು ಕಾರು ಹತ್ತಿದರು.

ಹೀಗೆ ತಿಂಗಳುಗಳೇ ಉರುಳಿದವು. ಅಷ್ಟರಲ್ಲಿ ನನಗೊಂದು ಸಂಕಟ ಬಂತು. ದಾಖಲಾತಿಯಲ್ಲಿ ಹೆಸರಿರುವ ಮಕ್ಕಳೆಲ್ಲ ಕ್ಲಾಸಿನಲ್ಲಿ ಕೂತಿದ್ದಾರೋ ಇಲ್ಲವೋ ನೋಡಲು ಬಿಇಒ ಸಾಹೇಬರು ಬರುತ್ತಾರೆಂದು ಸುದ್ದಿ. ಶಾಲೆಗೆ ಬಾರದ ಮಗುವಿನ ಹೆಸರನ್ನು ಅವರು ಅವತ್ತೇ ಹೊಡೆದುಹಾಕುತ್ತಾರೆ. ವೇಣಿಯ ಹೆಸರು ಹೋದರೆ ಮುಗಿಯಿತು, ಅವಳಿಗೆ ಆ ವಸತಿ ಶಾಲೆಯೇ ಗತಿ. ಮಗು ಕ್ಲಾಸಿಗೆ ಬರುವ ಹಾಗಿಲ್ಲ. ಸರಿ, ಮಗು ಇದ್ದಲ್ಲಿಗೇ ಕ್ಲಾಸು ಹೋಗಲಿ ಅಂದುಕೊಂಡೆ. ಇದರಲ್ಲಿ ತತ್ವ ಸಿದ್ಧಾಂತ ಏನೂ ಇಲ್ಲ. ಸಾಹೇಬರ ಮುಂದೆ ಮಾನ ಉಳಿದರೆ ಸಾಕಾಗಿತ್ತು.

ಅವತ್ತು ಬೆಳಿಗ್ಗೆ ಒಂದನೇ ಕ್ಲಾಸಿನ ಅಷ್ಟೂ ಮಂಗಗಳನ್ನು ಸಾಲು ಹಿಡಿಸಿ, ಚಾಪೆ, ಕರಿಹಲಗೆ, ಗಂಟೆ ಹೊಡೆಯುವ ಕಬ್ಬಿಣದ ತುಂಡು ಎಲ್ಲ ಹೊರಿಸಿಕೊಂಡು ಗೋದಾಮಿಗೆ ದಂಡೆತ್ತಿ ಹೋದೆ. ಲತಾ ಡಾಕ್ಟ್ರು ಬಾಗಿಲು ಪೂರ್ತಿ ತೆರೆದರು. ಸಾಹೇಬರು ಬಂದು ತಲೆ ಎಣಿಸಿದರು, "ಇದ್ಯಾಕ್ರೀ ಮೇಡಂ ಇಲ್ಲಿ?" ಅಂದರು. "ಸಮನ್ವಯ ಶಿಕ್ಷಣ ಸಾರ್, ಹೊಸ ಪದ್ಧತಿ," ಅಂದೆ. ಸಾಹೇಬರಿಗೆ ಆ ಪದ ಇಷ್ಟವಾಯಿತು. ಎಲೆಅಡಿಕೆ ಅಗಿಯುತ್ತ ಹೋದರು.

ಮಕ್ಕಳು ಇಡೀ ದಿನ ಗೋದಾಮಿನ ತುಂಬ ಗದ್ದಲ ಮಾಡಿದರು. ವೇಣಿ ಮೂಲೆಯಲ್ಲಿ ಬೀಜದ ಸಾಲು ಇಡುತ್ತಿದ್ದಳು. ನಮ್ಮ ಶಾಲೆಯ ಮೇಷ್ಟ್ರೊಬ್ಬರ ಮಗಳು ದಾಕ್ಷಾಯಿಣಿ ಅನ್ನುವವಳು ಬಂದು, ಕೇಳದೆ ಹೇಳದೆ ಪಕ್ಕದಲ್ಲಿ ತಾನೊಂದು ಸಾಲು ಶುರುಮಾಡಿದಳು. ವೇಣಿ ಕಿರುಚಲಿಲ್ಲ. ತನ್ನ ಸಾಲನ್ನು ಆ ಸಾಲಿನ ನೇರಕ್ಕೆ ಸರಿ ಮಾಡಿಕೊಂಡಳು.

ನಾಲ್ಕಾಯಿತು. ಗಂಟೆ ಹೊಡೆಯುವ ಸರದಿಯ ಹುಡುಗ ಆ ಕಬ್ಬಿಣವನ್ನು ಕಿಟಕಿಯ ಸರಳಿಗೆ ತೂಗುಹಾಕಿ ಶಕ್ತಿಯೆಲ್ಲ ಬಿಟ್ಟು ಬಾರಿಸಿದ. ತಗಡಿನ ಗೋದಾಮು, ಸದ್ದು ಎದೆಗೇ ಬಡಿಯಿತು. ಮಕ್ಕಳೆಲ್ಲ ಹೋ ಎಂದು ಬಾಗಿಲಿಗೆ ನುಗ್ಗಿದರು. ನಮ್ಮೂರ ಮಕ್ಕಳು, ಬರ್ತೀನಿಯೂ ಇಲ್ಲ ಹೋಗ್ತೀನಿಯೂ ಇಲ್ಲ. ವೇಣಿ ಎರಡೂ ಕೈಯಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ಎದ್ದಳು. ಕಿವಿ ಮುಚ್ಚಿದ ಕೈ ಜೋಡಿಸಲು ಬರುವುದಿಲ್ಲ. ಹುಡುಗರ ನೂಕಿನಲ್ಲಿ ಸಿಕ್ಕಿ, ಕಣ್ಣು ಮುಚ್ಚಿ, ಅವಳು ಹೊಸ್ತಿಲು ದಾಟಿದಳು, ದಾಕ್ಷಾಯಿಣಿಯ ಹಿಂದೆ ಬಸ್ ಸ್ಟ್ಯಾಂಡು ದಾಟಿದಳು, ಗಿರಣಿಯ ಸದ್ದು ಕೇಳುವವರೆಗೂ ಓಡಿ, ಗೋಣಿಚೀಲದ ಮೇಲೆ ಬಿದ್ದು ನಿದ್ದೆಹೋದಳು.

ಲತಾ ಡಾಕ್ಟ್ರು ಖಾಲಿ ಗೋದಾಮಿನಲ್ಲಿ ನನ್ನ ಕೈ ಹಿಡಿದುಕೊಂಡು, "ಆಂಟಿ, ಹೇಳಲಿಲ್ಲ. ಅವಳು ಹೇಳಲೇ ಇಲ್ಲ," ಅಂದರು. ಮರುದಿನ ಬೆಳಿಗ್ಗೆ ತಿರುವಿನಲ್ಲಿ ವೇಣಿಯ ಕಾಲು ಬಲಕ್ಕೆ ತಿರುಗಿತು.

ವರ್ಷದ ಕೊನೆಯ ಗುರುವಾರ ಚಕ್ರಪಾಣಿ ಬಂದರು. ಕೇಂದ್ರದಲ್ಲಿ ವೇಣಿ ಇಲ್ಲ. ಎಲ್ಲಿ ಎಂದು ಕೇಳಿಕೊಂಡು, ಲತಾ ಡಾಕ್ಟ್ರನ್ನೂ ಎಳೆದುಕೊಂಡು, ನೇರ ನನ್ನ ಕ್ಲಾಸಿನ ಬಾಗಿಲಿಗೇ ಬಂದರು. ವೇಣಿ ದಾಕ್ಷಾಯಿಣಿಯ ಪಕ್ಕದಲ್ಲಿ ಕೂತು ಸ್ಲೇಟಿನ ಅಂಚಿಗೆ ಬೀಜ ಜೋಡಿಸುತ್ತಿದ್ದಳು.

"ಒಂದೇ ಸಲ ಹೇಳಿಸಿಬಿಡೋಣ," ಅಂದರು ಚಕ್ರಪಾಣಿ. "ಕೇಂದ್ರಕ್ಕೆ ಕರೆದುಕೊಂಡು ಬಾ. ಹೇಳಿದಳು ಅಂದ್ರೆ ನೀನು ಪಾಸು. ನೋಡು, ನಾನು ಕೈ ಜೋಡಿಸಿದ್ರೆ ಎದ್ದು ನಿಲ್ತಾಳೆ." ಹಾಗೆ ಅನ್ನುತ್ತಲೇ ಎರಡು ಕೈ ಎತ್ತಿದರು. ವೇಣಿಯ ಬೆರಳು ಬೀಜದ ಮೇಲೆ ನಿಂತಿತು.

ಆ ಎರಡು ಅಂಗೈ ಕೂಡುವ ಮೊದಲೇ ಲತಾ ಡಾಕ್ಟ್ರು ಮುನ್ನುಗ್ಗಿ ಒಂದೊಂದನ್ನು ಒಂದೊಂದು ಕೈಯಲ್ಲಿ ಹಿಡಿದು ಜೋರಾಗಿ ಕುಲುಕತೊಡಗಿದರು. "ಥ್ಯಾಂಕ್ಯೂ ಸಾರ್. ಅವಳಿಗೆ ಮರೆತೇಹೋಗಿದೆ. ಪೂರ್ತಿ ಮರೆತಿದ್ದಾಳೆ. ನಾನು ಫೇಲು ಸಾರ್, ಫೇಲು ಅಂತ ಬರೆದುಬಿಡಿ." ನನ್ನ ಸರ್ವೀಸಿನಲ್ಲಿ ಎಷ್ಟೋ ಮಂದಿ ಫೇಲಾದದ್ದನ್ನು ನೋಡಿದ್ದೇನೆ, ಅಷ್ಟು ಹಿಗ್ಗಿ ಫೇಲಾದವರನ್ನು ನೋಡಿರಲಿಲ್ಲ. ವೇಣಿಯ ಬೆರಳು ಮುಂದಿನ ಬೀಜಕ್ಕೆ ಹೋಯಿತು.

ಚಕ್ರಪಾಣಿ ಕೈ ಬಿಡಿಸಿಕೊಂಡರು. ಮುಖ ಕೆಂಪಗಾಗಿತ್ತು. ನಾನು ಎಲೆಅಡಿಕೆ ಎಲ್ಲಿಟ್ಟೆ ಎಂದು ಮೇಜಿನ ಮೇಲೆ ತಡಕಾಡಿದೆ, ಸಿಗಲಿಲ್ಲ. ಅವರು ನನ್ನ ಕ್ಲಾಸಿನ ಹೊಸ್ತಿಲಲ್ಲೇ ತಿರುಗಿ ನಿಂತು ಬೆರಳಾಡಿಸಿದರು. "ಇಲ್ಲಿಗೆ ಮುಗೀತು ಅಂದ್ಕೋಬೇಡಿ ಇಬ್ಬರೂ. ನಾನು ಮತ್ತೆ ಬರ್ತೀನಿ!"

ಲತಾ ಡಾಕ್ಟ್ರು ಸರ್ಟಿಫಿಕೇಟಿಲ್ಲದೆ ಹೊರಟರು. ನನ್ನ ಮನೆಯ ಹೊಸ್ತಿಲಲ್ಲಿ ಅವರ ತುಟಿ ಅಲುಗಿದ್ದನ್ನು ಕಂಡು ನಾನೇ ಅವರ ಬಾಯಿಗೆ ಕೈ ಅಡ್ಡ ಇಟ್ಟೆ. ಚಿಕ್ಕ ವಯಸ್ಸು, ಎಲ್ಲಿಗೆ ಬೇಕಾದರೂ ಹೋಗಲಿ, ಮನಸ್ಸಾದರೆ ಬರಲಿ. ಅವರನ್ನು ಬಸ್ಸು ಹತ್ತಿಸಿ ಮನೆಗೆ ಬಂದು ಹಿಂದಿನ ಕೋಣೆ ಗುಡಿಸುವಾಗ ಯಾಕೆ ಕೈ ಇಟ್ಟೆನೋ ಅನ್ನಿಸಿ ಅಳು ಬಂತು.

ಚಕ್ರಪಾಣಿ ಮಾತ್ರ ಗುರುವಾರ ಗುರುವಾರ ಬಂದು ಒಂದನೇ ಕ್ಲಾಸಿನ ಕುಳ್ಳ ಬೆಂಚಿನ ಮೇಲೆ ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂರುತ್ತಾರೆ. ಮೊದಮೊದಲು ತಪಾಸಣೆ ಅಂದರು, ಆಮೇಲೆ ಸಂಶೋಧನೆ ಅಂದರು, ಈಗ ಯಾವ ಕಾರಣವನ್ನೂ ಹೇಳುವುದಿಲ್ಲ, ಹೋಗುವಾಗ ಬರ್ತೀನಿ ಅನ್ನುವುದನ್ನು ಮಾತ್ರ ಬಿಟ್ಟಿಲ್ಲ. ಹೋದ ವಾರ ವೇಣಿ ಅವರ ಮುಖ ನೋಡದೆ ಒಂದು ಹುಣಿಸೆಬೀಜವನ್ನು ಅವರತ್ತ ತಳ್ಳಿದಳು. ಅವರು ಅದನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ಸಾಲಿನ ತುದಿಗೆ ಇಟ್ಟರು. ಅವಳು ಅದನ್ನು ಒಂದು ಕೂದಲೆಳೆಯಷ್ಟು ಸರಿಸಿ, ಇನ್ನೊಂದನ್ನು ತಳ್ಳಿದಳು. ಅವರು ಪೆನ್ನು ತೆಗೆದು ನನ್ನ ಕಡೆ ತಿರುಗಿ, "ಮೇಡಂ, ಇದಕ್ಕೆ ಏನಂತಾರೆ?" ಅಂತ ಪಿಸುಗುಟ್ಟಿದರು.

"ಮಾತಾಡಬೇಡಿ ಸಾರ್," ಅಂದೆ. "ಪಾಠ ನಡೀತಿದೆ."